ಅನಾಥ ಭಾಷೆಗೆ ನಾನು ಹುಡುಕಿಕೊಟ್ಟ ನೆಂಟರು

ನನಗೆ ಬರುವ ಭಾಷೆಗಳ ಪಟ್ಟಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ತುಳು. ಶಾಲೆಯಲ್ಲಿ ಕನ್ನಡ, ಅದೂ ಆರನೇ ಕ್ಲಾಸಿನವರೆಗೆ. ಮುಂಬಯಿಯ ಹೋಟೆಲಿನಲ್ಲಿ ಕಲಿತ ಹಿಂದಿ. ಕುವೈತಿಗೆ ಬಂದ ಮೇಲೆ ಅರಬಿ. ಅರಬಿ ಎಂದರೆ ಯಲ್ಲಾ, ಖಲಾಸ್ ಮತ್ತು ಕೆಲವು ಬೈಗುಳ. ಇಷ್ಟು ಬರುವವನಿಗೆ ಇನ್ನೆರಡು ಭಾಷೆ ಏನು ಮಹಾ ಎಂದು ನಾನು ನಂಬಿದ್ದೆ. ಈ ನಂಬಿಕೆಯಿಂದ ನನ್ನ ತಮ್ಮ ಪ್ರಭಾಕರನ ಒಂದು ವರ್ಷ ಹಾಳಾಯಿತು. ತಪ್ಪೊಪ್ಪಿಗೆ ಎಂದು ತಿಳಿದು ಓದಬೇಕು.

ತೊಂಬತ್ತನೇ ಇಸವಿಯ ಆರಂಭದ ಮಾತು. ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕಕ್ಕೆ ರಿಪೇರಿಯವರನ್ನು ಒದಗಿಸುವ ಕಂಪೆನಿಯೊಂದರ ಕ್ಯಾಂಪಿನಲ್ಲಿ ನಾನು ಮೆಸ್ಸಿನ ಮೇಸ್ತ್ರಿ. ಇನ್ನೂರು ಜನರಿಗೆ ಮೂರು ಹೊತ್ತು ಊಟ. ನನ್ನ ಮೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಯಾರೇ ಹೊಸಬ ಬಂದರೂ ಅವನ ಭಾಷೆ ಕೇಳಿ ಮೇಜು ತೋರಿಸುವುದು. ಮಲಯಾಳಿಗಳಿಗೆ ಒಂದು ಮೇಜು, ತಮಿಳರಿಗೆ ಒಂದು, ತುಳುವರಿಗೂ ಬ್ಯಾರಿಗಳಿಗೂ ಸೇರಿ ಒಂದು, ಇಂಗ್ಲಿಷಿನ ಸಾಹೇಬರಿಗೆ ಫ್ಯಾನಿನ ಕೆಳಗಿನದು. ಜಗಳ ಕಡಿಮೆ, ಅನ್ನ ಜಾಸ್ತಿ ಖರ್ಚು.

ಆ ಚಳಿಗಾಲದಲ್ಲಿ ಇಬ್ಬರು ಬಿಳಿಯರು ಬಂದರು. ಒಬ್ಬ ವೆಲ್ಡಿಂಗ್ ಪರೀಕ್ಷಿಸುವ ಇನಾಕಿ. ಇನ್ನೊಬ್ಬ ಕ್ರೇನಿನ ಫೋರ್‌ಮನ್ ಆಂಟೆ. ಇಬ್ಬರಿಗೂ ಇಂಗ್ಲಿಷ್ ನನ್ನಷ್ಟೇ. ಅಂದರೆ, ಹೆಚ್ಚುಕಡಿಮೆ ಇಲ್ಲ.

"ಯು ಸ್ಪಾನಿಷ್?" ಎಂದು ನಾನು ಇನಾಕಿಯನ್ನು ಕೇಳಿದೆ.

"ನೋ ಸ್ಪಾನಿಷ್! ಬಾಸ್ಕ್!" ಎಂದು ಅವನು ಮೇಜು ಗುದ್ದಿದ.

"ಯು ಯುಗೊಸ್ಲಾವ್?" ಎಂದು ಆಂಟೆಯನ್ನು ಕೇಳಿದೆ.

"ನೋ ಯುಗೊಸ್ಲಾವ್! ಹೃವಾತ್!" ಎಂದು ಅವನೂ ಗುದ್ದಿದ. ಹೃವಾತ್ ಎಂದರೆ ಕ್ರೊಯೇಷಿಯದವನು. ಬಾಸ್ಕ್ ಎಂದರೆ ಸ್ಪೇನಿನ ಉತ್ತರದಲ್ಲಿ ತಮ್ಮದೇ ಬೇರೆ ಭಾಷೆ ಇರುವ ಜನ.

ನನಗೆ ಇಬ್ಬರ ಮೇಲೂ ಒಮ್ಮೆಲೇ ಪ್ರೀತಿ ಹುಟ್ಟಿತು. ನನ್ನ ಕತೆಯೂ ಅದೇ ಅಲ್ಲವೇ? ಅರಬಿಗಳು ನನ್ನನ್ನು ಭಾರತದವನೆಂಬ ಅರ್ಥದಲ್ಲಿ 'ಹಿಂದಿ' ಎಂದರೆ, ಹಿಂದಿಯವರು 'ಮದ್ರಾಸಿ' ಎನ್ನುತ್ತಿದ್ದರು. ತುಳು ಎಂದರೆ ಏನು ಎಂದು ಕೇಳಿದವನು ಒಬ್ಬನೂ ಇಲ್ಲ! ಇಬ್ಬರನ್ನೂ ಮೂಲೆಯ ಮೇಜಿನಲ್ಲಿ ಎದುರುಬದುರು ಕೂರಿಸಿದೆ.

ಒಂದು ವಾರದಲ್ಲಿ ಅವರು ಊಟದ ನಂತರ ಇಸ್ಪೀಟು ಆಡಲು ಶುರು ಮಾಡಿದರು. ನಮ್ಮ ಇಸ್ಪೀಟಲ್ಲ. ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆ ಇರುವ ಎಲೆಗಳು. ಇಬ್ಬರ ಊರಿನಲ್ಲೂ ಅಂಥದೇ ಎಲೆಗಳಂತೆ. ಇನಾಕಿ ತನ್ನ ಭಾಷೆಯಲ್ಲಿ ಕೂಗುವುದು, ಆಂಟೆ ತನ್ನ ಭಾಷೆಯಲ್ಲಿ ಕೂಗುವುದು. ಆಟ ಸಲೀಸಾಗಿ ನಡೆಯುತ್ತಿತ್ತು! ನಾನು ನೀರಿನ ಜಗ್ಗು ಹಿಡಿದು ಕಿವಿಗೊಟ್ಟೆ. ಬಟ್ಟಲಿಗೆ ಒಬ್ಬ 'ಕೋಪ' ಎಂದರೆ ಇನ್ನೊಬ್ಬ 'ಕುಪೆ'. ಕತ್ತಿಗೆ ಒಬ್ಬ 'ಎಸ್ಪಾತ' ಎಂದರೆ ಇನ್ನೊಬ್ಬ 'ಷ್ಪಾದೆ'. ದೊಣ್ಣೆಗೆ 'ಬಸ್ತೊ', 'ಬಷ್ಟೋನ್'.

ಅಷ್ಟೇ. ನನ್ನ ಸಂಶೋಧನೆ ಮುಗಿಯಿತು! ಪ್ರಭಾಕರನಿಗೆ ಪತ್ರ ಬರೆದೆ: 'ಬಾಸ್ಕ್ ಮತ್ತು ಕ್ರೊಯೇಷಿಯನ್ ಒಂದೇ ಭಾಷೆ. ಉಡುಪಿ ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ. ನಿನ್ನ ಮೇಷ್ಟ್ರಿಗೆ ತಿಳಿಸು.'

ಪ್ರಭಾಕರ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಮಂಗಳೂರಿನಲ್ಲಿ ಎಂ.ಎ. ಓದುತ್ತಿದ್ದ, ಭಾಷೆಗಳ ಬಗ್ಗೆಯೇ. ಅಪ್ಪ ತೀರಿಕೊಂಡಾಗ ನಾನು ಪುಸ್ತಕ ಮುಚ್ಚಿ ಹೋಟೆಲಿಗೆ ಹೋದವನು. ಅಂದಿನಿಂದ ನಮ್ಮ ಮನೆಯಲ್ಲಿ ತಿಳಿದವನು ಅವನು, ತಿಳಿಸಿಕೊಳ್ಳುವವನು ನಾನು. ಅರ್ಜಿ ಬರೆಯುವುದಿರಲಿ, ಔಷಧಿ ಬಾಟಲಿ ಓದುವುದಿರಲಿ, 'ಪ್ರಭಾ, ಇದೆಂತದು ನೋಡು' ಎನ್ನುವುದೇ ನನ್ನ ಬಾಯಿಪಾಠ.

ಅವನ ಉತ್ತರ ಎರಡು ವಾರದ ಮೇಲೆ ಬಂತು.

'ಅಣ್ಣ, ಅವು ಒಂದೇ ಭಾಷೆಯಲ್ಲ. ಇಸ್ಪೀಟಿನ ಮಾತುಗಳನ್ನು ಎರಡೂ ಕಡೆಯವರು ಬೇರೆಯವರಿಂದ ತೆಗೆದುಕೊಂಡಿದ್ದಾರೆ. ನಾವು ಬಸ್ಸು, ಸೋಪು ಎನ್ನುವುದಿಲ್ಲವೇ, ಹಾಗೆ. ಕ್ರೊಯೇಷಿಯನ್‌ಗೆ ನೆಂಟರು ರಾಶಿ ಇದ್ದಾರೆ. ರಷ್ಯನ್ ಹತ್ತಿರದ ನೆಂಟ, ನಮ್ಮ ಸಂಸ್ಕೃತವೂ ದೂರದ ಸಂಬಂಧಿ. ಬಾಸ್ಕ್ ಮಾತ್ರ ಅನಾಥ. ಲೋಕದ ಯಾವ ಭಾಷೆಯೊಂದಿಗೂ ಅದಕ್ಕೆ ಸಂಬಂಧವಿಲ್ಲ. ಮೇಷ್ಟ್ರಿಗೆ ಬಹಳ ಖುಷಿಯಾಗಿದೆ. ಎರಡನ್ನೂ ಹೋಲಿಸಿ ನನ್ನ ಕೊನೆಯ ವರ್ಷದ ಪ್ರಬಂಧ ಬರೆಯಲು ಹೇಳಿದ್ದಾರೆ. ಜೊತೆಗೆ ನೂರು ಪದಗಳ ಪಟ್ಟಿ ಇಟ್ಟಿದ್ದೇನೆ. ಇಬ್ಬರನ್ನೂ ಕೇಳಿ ಬರೆದು ಕಳುಹಿಸು. ನನಗೆ ನೀನೇ ದಿಕ್ಕು.'

ನೀನೇ ದಿಕ್ಕು! ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಮೊದಲ ಸಲ ಅವನು ನನ್ನ ಬಳಿ ವಿದ್ಯೆ ಕೇಳಿದ್ದ. ಆ ದಿನ ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು.

'ಆಗಿಯೇ ಹೋಯಿತು ಎಂದು ತಿಳಿ' ಎಂದು ಮರುದಿನವೇ ಉತ್ತರ ಹಾಕಿದೆ. ಒಂದು ಪದವನ್ನೂ ಕೇಳುವ ಮೊದಲು!

ಆಂಟೆಯ ಕೆಲಸ ಸುಲಭವಿತ್ತು. ಏನು ಕೇಳಿದರೂ ಎದೆ ಉಬ್ಬಿಸಿ ಹೇಳುವ ಮನುಷ್ಯ. ಒಂದು, ಎರಡು, ಮೂರು ಕೇಳಿದರೆ 'ಯೆದನ್, ದ್ವಾ, ತ್ರಿ, ಚೆತಿರಿ' ಎಂದ. ನಮ್ಮ ಊರಿನ ಭಟ್ಟರು ಕ್ರೇನು ಓಡಿಸಲು ಬಂದಂತಾಯಿತು! ರಕ್ತಕ್ಕೆ 'ಕೃವ್', ಮರಕ್ಕೆ 'ದೃವೊ', ಹೃದಯಕ್ಕೆ 'ಸೃತ್ಸೆ'. ಶಾಲೆಯಲ್ಲಿ ಈ ಋ ಅಕ್ಷರಕ್ಕಾಗಿ ನಾನು ತಿಂದ ಪೆಟ್ಟು ಸ್ವಲ್ಪವಲ್ಲ. ಯಾರಿಗೆ ಬೇಕು ಈ ಅಕ್ಷರ ಎಂದು ಆಗ ಅಳುತ್ತಿದ್ದೆ. ಕ್ರೊಯೇಷಿಯದವರಿಗೆ ಬೇಕು. ಈಗ ಗೊತ್ತಾಯಿತು.

ಇನಾಕಿ ಹಾಗಲ್ಲ. ಅವನು ಪ್ರತಿ ಪದಕ್ಕೂ ಕಣ್ಣು ಮುಚ್ಚಿ ಯೋಚಿಸುವನು. ಕಣ್ಣಿಗೆ 'ಬೆಗಿ', ಕೈಗೆ 'ಎಸ್ಕು', ನೀರಿಗೆ 'ಉರ್'. ಯಾವುದೂ ಯಾವುದರ ಹಾಗೂ ಇಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೂ 'ತಮ್ಮ' ಎಂಬುದನ್ನು ನಾನೇ ಸೇರಿಸಿ ಕೇಳಿದೆ.

"ಹೂ ಸ್ಪೀಕಿಂಗ್?" ಎಂದ ಅವನು. "ಯು ಸ್ಪೀಕಿಂಗ್, ಅನಾಯಾ. ಯುವರ್ ಸಿಸ್ಟರ್ ಸ್ಪೀಕಿಂಗ್, ನೆಬಾ."

ಅಂದರೆ ಒಡಹುಟ್ಟಿದವನನ್ನು ಗಂಡು ಕರೆಯುವ ಪದ ಬೇರೆ, ಹೆಣ್ಣು ಕರೆಯುವ ಪದ ಬೇರೆ. ಆಂಟೆ ಮಧ್ಯೆ ಬಾಯಿ ಹಾಕಿ, "ಬ್ರಾತ್! ಆಲ್ ಪೀಪಲ್ ಬ್ರಾತ್! ಖಲಾಸ್!" ಎಂದ. "ದೊಡ್ಡವನಿಗೆ ಯಾವುದು, ಚಿಕ್ಕವನಿಗೆ ಯಾವುದು?" ಎಂದು ಕೈಸನ್ನೆಯಿಂದ ಕೇಳಿದೆ. ಇಬ್ಬರೂ ತಲೆಯಾಡಿಸಿದರು. ಇಬ್ಬರಲ್ಲೂ ಅಣ್ಣನಿಗೂ ತಮ್ಮನಿಗೂ ಒಂದೇ ಪದವಂತೆ! ಅಣ್ಣ ಎಂಬ ಪದವೇ ಇಲ್ಲದ ಊರಿನಲ್ಲಿ ನನ್ನಂಥವನು ಯಾವ ಮುಖ ಇಟ್ಟುಕೊಂಡು ಬದುಕಬೇಕು?

ಆದರೆ ಎರಡು ಪದ ನನ್ನ ತಲೆ ಕೆಡಿಸಿದವು. ಅಮ್ಮನಿಗೆ ಇನಾಕಿ 'ಅಮಾ' ಎಂದ. ಬೆಂಕಿಗೆ 'ಸು' ಎಂದ. ನಮ್ಮ ತುಳುವಿನಲ್ಲಿ ಬೆಂಕಿಗೆ 'ತೂ'!

ನಮ್ಮ ಸ್ಟೋರ್‌ಕೀಪರ್ ಹಮೀದಾಕನಿಗೆ ಓಡಿ ಹೋಗಿ ಹೇಳಿದೆ. ಅವರು ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹಿರಿಯರು. ನಾವು ತುಳುವಿನಲ್ಲೇ ಮಾತಾಡುವುದು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಹಮೀದಾಕ, ಬಾಸ್ಕಿನವರು ನಮ್ಮವರೇ! ಸು, ತೂ!"

"ಇನ್ನು ಅವನ ತರವಾಡು ಮನೆ ಯಾವುದು, ಹೆಂಡತಿ ಮನೆ ಯಾವುದು ಅಂತ ಕೇಳಿ ಬನ್ನಿ ಶೀನಣ್ಣ" ಎಂದರು ಹಮೀದಾಕ, ಈರುಳ್ಳಿ ಚೀಲ ಹೊಲಿಯುತ್ತಾ. "ಪುತ್ತೂರಲ್ಲಿ ಒಂದು ಅತ್ತೆ ಸಿಕ್ಕಿದರೂ ಸಿಕ್ಕಬಹುದು."

ತಮಾಷೆಗೆ ಹೇಳಿದರು. ಆದರೆ ನಮ್ಮ ಜನರ ಅಭ್ಯಾಸವೇ ಅದು. ಹೊಸ ತುಳುವ ಸಿಕ್ಕಿದರೆ ಐದು ನಿಮಿಷದೊಳಗೆ ಅವನ ಮನೆ, ಬಳಿ ಎಂಬ ತಾಯಿಕಡೆಯ ಗೋತ್ರ, ಸೋದರಮಾವ ಎಲ್ಲ ಕೇಳಿ ಒಂದು ಸಂಬಂಧ ಹಚ್ಚದೆ ಬಿಡುವವರಲ್ಲ. ಸಂಬಂಧವೇ ಇಲ್ಲದ ಮನುಷ್ಯ ಎಂದರೆ ನಮಗೆ ಸಹಿಸಲು ಆಗುವುದಿಲ್ಲ. ಸಂಬಂಧವೇ ಇಲ್ಲದ ಭಾಷೆ ಎಂದರೆ?

ಮೂವತ್ತೇಳು ಪದಗಳವರೆಗೆ ಎಲ್ಲ ಚೆನ್ನಾಗಿತ್ತು. ಮೂವತ್ತೆಂಟನೆಯದು ಹೇನು.

ಹೇನು ಯಾಕೆ ಎಂದು ನನ್ನನ್ನು ಕೇಳಬೇಡಿ. ಲೋಕದ ಎಲ್ಲರಿಗೂ ತಲೆ ಇದೆ, ತಲೆಯಿದ್ದಲ್ಲಿ ಹೇನು ಇದೆ, ಆದ್ದರಿಂದ ಪ್ರತಿ ಭಾಷೆಯಲ್ಲೂ ಅದಕ್ಕೊಂದು ಹಳೆಯ ಪದ ಇರುತ್ತದೆ ಎಂದು ಪ್ರಭಾಕರ ಪಟ್ಟಿಯ ಅಂಚಿನಲ್ಲಿ ಬರೆದಿದ್ದ. ಇಂಗ್ಲಿಷಿನಲ್ಲಿ ಹೇನಿಗೆ ಏನೆನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅಭಿನಯ ಮಾಡಿದೆ. ಇನಾಕಿ ಅನ್ನ ಬಾಯಿಗಿಡುವ ಹೊತ್ತಿಗೆ, ಅವನ ಎದುರು ನಿಂತು ಎರಡೂ ಕೈಗಳಿಂದ ತಲೆ ಕೆರೆದುಕೊಂಡೆ. ಕೂದಲಿನಿಂದ ಏನೋ ಹೆಕ್ಕಿದೆ. ಎರಡು ಹೆಬ್ಬೆರಳುಗಳ ಉಗುರಿನ ನಡುವೆ ಇಟ್ಟು 'ಟಕ್' ಎಂದೆ. ನಂತರ ಅವನ ತಟ್ಟೆಯ ಕಡೆ ನೋಡಿ, ನಗುತ್ತಾ, "ವಾಟ್ ನೇಮ್?" ಎಂದೆ.

ಇನಾಕಿ ತಟ್ಟೆ ನೋಡಿದ. ನನ್ನ ಉಗುರು ನೋಡಿದ. ಚಮಚ ಕೆಳಗಿಟ್ಟ. ಎದ್ದು ಹೋದ.

ಮರುದಿನ ಬೆಳಿಗ್ಗೆ ಸಬ್ಹಾನಿನ ಮುಖ್ಯ ಕಚೇರಿಯಿಂದ ಕಂಪೆನಿಯ ಡಾಕ್ಟರು ಬಂದರು! ಜೊತೆಗೆ ಬ್ಯಾಟರಿ ಹಿಡಿದ ಇಬ್ಬರು. ಕ್ಯಾಂಪಿನ ಇನ್ನೂರು ತಲೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರು. ಇನ್ನೂರು ಹಾಸಿಗೆಗಳು ಬಿಸಿಲಿಗೆ ಬಿದ್ದವು. ಒಂದೇ ಒಂದು ಹೇನು ಸಿಗಲಿಲ್ಲ. ಆದರೂ ನನ್ನನ್ನೂ ಸೇರಿಸಿ ಅಡುಗೆಮನೆಯ ಹದಿನಾಲ್ಕು ಮಂದಿಯ ತಲೆ ಬೋಳಿಸಬೇಕು, ಅವರು ಎರಡು ವಾರ ಮೇಜುಗಳ ಬಳಿ ಸುಳಿಯಬಾರದು ಎಂದು ಆಜ್ಞೆಯಾಯಿತು. ನಾನು ವಿವರಿಸಲು ಹೋದೆ.

"ಡಾಕ್ಟರ್, ನೋ ಹೇನು. ತಮ್ಮ. ಯೂನಿವರ್ಸಿಟಿ. ಬಾಸ್ಕ್."

ಡಾಕ್ಟರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಹದಿಮೂರು ಬೋಳುತಲೆಗಳು ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟವು. ಹಮೀದಾಕನ ತಲೆಯಲ್ಲಿ ಮೊದಲೇ ಕೂದಲಿರಲಿಲ್ಲ. ಅವರೊಬ್ಬರು ಮಾತಾಡುತ್ತಿದ್ದರು. ಆಂಟೆಯಂತೂ ಈ ಗಲಾಟೆಯನ್ನು ಸಂತೋಷದಿಂದ ನೋಡಿ, ಅಡುಗೆಮನೆಯ ಕಿಟಕಿಯಿಂದಲೇ ತಲೆ ಕೆರೆದು ತೋರಿಸಿ, ಹೇನಿಗೆ ತನ್ನ ಪದ 'ಉಷ್! ಉಷ್!' ಎಂದು ಹೇಳಿಹೋದ. ಉಳಿದವನ್ನೂ ಅದೇ ಕಿಟಕಿಯಿಂದ ಕೇಳಿಕೊಂಡು ಅವನ ನೂರು ಪದಗಳೂ ಪೂರ್ಣವಾದವು. ಎರಡು ವಾರ ಕಳೆದು ನಾನು ಮೇಜಿನ ಬಳಿ ಹೋದಾಗ ಇನಾಕಿಯ ಕುರ್ಚಿ ಖಾಲಿ. ಅವನ ಸರದಿ ಮುಗಿದು ರಜೆಗೆ ಊರಿಗೆ ಹೋಗಿದ್ದ.

ಅದೇ ವಾರ ತಮ್ಮನ ಪತ್ರ: 'ಅಣ್ಣ, ಆಗಿಯೇ ಹೋಯಿತು ಎಂದಿದ್ದೆ. ಇನ್ನೂ ಬರಲಿಲ್ಲ. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು. ಇಲ್ಲದಿದ್ದರೆ ಈ ವರ್ಷ ಹೋದ ಹಾಗೆ.'

"ಅರ್ಧ ಮಾತ್ರ ಉಂಟು ಅಂತ ಬರೆದುಬಿಡಿ ಶೀನಣ್ಣ. ಅದರಲ್ಲಿ ಎಂತ ನಾಚಿಕೆ?" ಎಂದರು ಹಮೀದಾಕ.

"ನಾನೇ ದಿಕ್ಕು ಅಂತ ಬರೆದಿದ್ದಾನೆ ಹಮೀದಾಕ."

"ದಿಕ್ಕು ತಪ್ಪಿಸುವವರೂ ನೀವೇ ಆಗ್ತೀರಿ, ನೋಡಿ."

ಅವರ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ಅಕ್ಕಿ ಚೀಲದ ಮೇಲೆ ಕುಳಿತು, ಉಳಿದ ಅರುವತ್ತಮೂರು ಬಾಸ್ಕ್ ಪದಗಳನ್ನು ನಾನೇ ತಯಾರಿಸಿದೆ!

ತಯಾರಿಸುವ ಕ್ರಮ ಹೀಗೆ. ಇನಾಕಿಯ ಮಾತಿನಲ್ಲಿ ಎರಡಕ್ಕೊಂದು ಪದ 'ಆಕ್' ಎಂದು ಮುಗಿಯುವುದನ್ನು ನಾನು ಗಮನಿಸಿದ್ದೆ. ಸು ಮತ್ತು ತೂ ಸಂಬಂಧ ಹೇಗೂ ಸಿಕ್ಕಿತ್ತು. ಆದ್ದರಿಂದ ಒಂದು ತುಳು ಪದ ತೆಗೆದುಕೊಳ್ಳುವುದು, ಹಿಂದೆ ಆಕ್ ಹಚ್ಚುವುದು. ನಾಯಿಗೆ ನಾಯಾಕ್. ಕಲ್ಲಿಗೆ ಕಲ್ಲಾಕ್. ಹತ್ತು ಪದ ಆದ ಮೇಲೆ ಹೆದರಿಕೆಯಾಯಿತು. ತಮ್ಮನಿಗೂ ತುಳು ಬರುತ್ತದಲ್ಲ! ಆಮೇಲಿನ ಪದಗಳನ್ನು ಹಿಂದುಮುಂದು ಮಾಡಿದೆ. ಮೀನು ನೀಮಾಕ್ ಆಯಿತು. ಮರ ರಮಾಕ್ ಆಯಿತು. ತುಳುವಿನಲ್ಲಿ ಹಕ್ಕಿಗೆ ಪಕ್ಕಿ, ಅದು ಕಿಪ್ಪಾಕ್ ಆಯಿತು. ಮೊಟ್ಟೆಗೆ ತೆತ್ತಿ, ಅದು ತಿತ್ತಾಕ್ ಆಯಿತು. ತಿತ್ತಾಕ್ ಬರೆದಾಗ ನನಗೇ ಹೆಮ್ಮೆಯಾಯಿತು. ಎಂಥ ಬಾಸ್ಕ್! ಪಾಪದ ಅನಾಥ ಭಾಷೆಗೆ ಒಂದೇ ಮಧ್ಯಾಹ್ನದಲ್ಲಿ ಅರುವತ್ತಮೂರು ನೆಂಟರನ್ನು ಮಾಡಿಕೊಟ್ಟಿದ್ದೆ.

ಊರಿಗೆ ಹೊರಟವರ ಕೈಯಲ್ಲಿ ಪಟ್ಟಿ ಕಳುಹಿಸಿದೆ. ಪಟ್ಟಿ ಹೋದ ಗಳಿಗೆಯಿಂದ ನನ್ನ ನಿದ್ದೆಯೂ ಹೋಯಿತು. ತಮ್ಮ ಅದನ್ನು ದೊಡ್ಡ ದೊಡ್ಡ ಪ್ರೊಫೆಸರರ ಮುಂದೆ ಓದುತ್ತಾನೆ. 'ತಿತ್ತಾಕ್' ಎನ್ನುತ್ತಾನೆ. ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ. ಅಲ್ಲಿಗೆ ಅವನ ಜೀವನ ಮುಗಿಯಿತು. ತಿದ್ದಿ ಬರೆಯಬೇಕೆಂದು ದಿನಾ ಹಾಳೆ ತೆಗೆದೆ. 'ಪ್ರಭಾ, ಕ್ಷೇಮ' ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು.

ಅಷ್ಟರಲ್ಲಿ ಆಗಸ್ಟ್ ಬಂತು. ಇರಾಕಿನ ಸೈನ್ಯ ಬಂತು. ಪತ್ರ, ಫೋನು, ಕೆಲಸ, ಕಂಪೆನಿ ಎಲ್ಲ ಖಲಾಸ್. ಆ ದಿನಗಳ ಕತೆ ಹೇಳಿದವರು ಬೇಕಾದಷ್ಟಿದ್ದಾರೆ, ನನಗಿಂತ ಹೆಚ್ಚು ಕಷ್ಟಪಟ್ಟವರು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಯ ಮರಳಿನಲ್ಲಿ ನಾವು ಡೇರೆಯೊಳಗೆ ಕುಳಿತೆವು. ನೀರಿಗೆ ಸಾಲು, ರೊಟ್ಟಿಗೆ ಸಾಲು. ಎಲ್ಲರೂ ದೇವರನ್ನು ನೆನೆಯುತ್ತಿದ್ದರು.

"ಎಂತ ಶೀನಣ್ಣ, ತುಟಿ ಆಡಿಸುದು? ಜಪವಾ?" ಎಂದು ಹಮೀದಾಕ ಕೇಳಿದರು.

"ತಿತ್ತಾಕ್" ಎಂದೆ.

"ಅಲ್ಲಾ! ಇಲ್ಲಿಗೂ ಬಂತಾ ಅದು?"

ವಿಮಾನ ಸಿಕ್ಕಿತು, ಊರು ಮುಟ್ಟಿದೆ. ಮಂಗಳೂರು ಬಸ್‌ಸ್ಟ್ಯಾಂಡಿನಲ್ಲಿ ಪ್ರಭಾಕರ ನನ್ನನ್ನು ತಬ್ಬಿಕೊಂಡು ಅತ್ತ. ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವೇ ನನ್ನ ಹನ್ನೊಂದು ವರ್ಷದ ಗಲ್ಫು. ಅದನ್ನು ಅವನೇ ಹಿಡಿದುಕೊಂಡ. ನಾನು ಧೈರ್ಯ ಮಾಡಿದೆ.

"ಪಟ್ಟಿ ಸಿಕ್ಕಿತಾ ಪ್ರಭಾ?"

"ಸಿಕ್ಕಿತು ಅಣ್ಣ."

"ಹೇಗಿತ್ತು?"

"ಒಳ್ಳೆದಿತ್ತು. ಪ್ರಬಂಧ ಮುಂದಿನ ವರ್ಷ ಕೊಡ್ತೇನೆ. ನೀನು ಮೊದಲು ಊಟ ಮಾಡು."

ಮುಂದಿನ ವರ್ಷ! ವರ್ಷ ಹೋಗಿತ್ತು. ಯಾಕೆ ಹೋಯಿತು ಎಂದು ಅವನು ಹೇಳಲಿಲ್ಲ, ಕೇಳುವ ಎದೆ ನನಗಿರಲಿಲ್ಲ. ಹತ್ತು ತಿಂಗಳು ಒಂದೇ ಮನೆಯಲ್ಲಿ ಒಂದೇ ಬಾಳೆಎಲೆಯ ಎರಡು ತುದಿಯಂತೆ ಕುಳಿತು ಉಂಡೆವು. ಅವನು ಪುಸ್ತಕ ತೆರೆದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಅಮ್ಮ, "ಯುದ್ಧ ನೋಡಿ ಇವನಿಗೆ ಹೆದರಿಕೆ ಹಿಡಿದಿದೆ" ಎಂದು ನೂಲು ಮಂತ್ರಿಸಿ ಕಟ್ಟಿಸಿದರು.

ಯುದ್ಧ ಮುಗಿದು ತೊಂಬತ್ತೊಂದರ ನಡುವಿನಲ್ಲಿ ಕಂಪೆನಿ ನಮ್ಮನ್ನು ಮತ್ತೆ ಕರೆಯಿತು. ಬಾವಿಗಳು ಇನ್ನೂ ಉರಿಯುತ್ತಿದ್ದವು. ನಡುಹಗಲು ದೀಪ ಬೇಕು, ಅನ್ನ ಬಸಿದು ಮುಚ್ಚುವಷ್ಟರಲ್ಲಿ ಮೇಲೆ ಮಸಿ. ಆಂಟೆ ಬರಲಿಲ್ಲ. ಅವನ ಊರಿನಲ್ಲೂ ಆಗ ಜಗಳ ಶುರುವಾಗಿತ್ತು. ಮೂಲೆಯ ಮೇಜಿನಲ್ಲಿ ಇನಾಕಿ ಒಬ್ಬನೇ ಕುಳಿತಿದ್ದ. ನನ್ನನ್ನು ಕಂಡು ಎದ್ದು ಬಂದು ಕೈಹಿಡಿದ. ಆಮೇಲೆ ನನ್ನ ತಲೆಗೂದಲನ್ನು ಒಮ್ಮೆ ಸರಿಯಾಗಿ ನೋಡಿದ.

ಈ ಸಲ ನಾನು ಅಭಿನಯ ಮಾಡಲಿಲ್ಲ. ಇಂಗ್ಲಿಷ್ ಗೊತ್ತಿದ್ದ ಗುಮಾಸ್ತನಿಂದ ಪದಗಳನ್ನು ಬರೆಸಿಕೊಂಡು ಹೋದೆ. ವಾರವಿಡೀ, ಊಟದ ಮೇಲೆ ಐದೈದು, ಹತ್ತುಹತ್ತು. ಅರುವತ್ತಮೂರೂ ನಿಜವಾದವು! ನನ್ನದರಲ್ಲಿ ಒಂದಾದರೂ ತಪ್ಪಿ ಸರಿಯಾಗಿದೆಯೋ ಎಂದು ತಾಳೆ ನೋಡಿದೆ. ಇಲ್ಲ. ಅರುವತ್ತಮೂರಕ್ಕೆ ಸೊನ್ನೆ.

ಆ ಪಟ್ಟಿಯ ಜೊತೆ ನಾಲ್ಕು ಹಾಳೆ ತಪ್ಪೊಪ್ಪಿಗೆ ಬರೆದು ಕಳುಹಿಸಿದೆ. ನಾನು ಅಣ್ಣನೆನ್ನಲು ಯೋಗ್ಯನಲ್ಲ, ನಿನ್ನ ವರ್ಷ ತಿಂದವನು ನಾನೇ, ಇನ್ನು ಮೇಲೆ ನನ್ನನ್ನು ಏನೂ ಕೇಳಬೇಡ ಎಂದೆಲ್ಲ. ಉತ್ತರ ಬರುವವರೆಗೆ ಮೆಸ್ಸಿನವರಿಗೆ ಬೆಂದ ಅನ್ನ ಸಿಕ್ಕಿದ್ದು ಅವರ ಪುಣ್ಯ.

ಉತ್ತರ ದಪ್ಪ ಲಕೋಟೆಯಲ್ಲಿ ಬಂತು.

'ಅಣ್ಣ, ಅಕ್ಷರಗಳ ಮೇಲೆ ಕಣ್ಣೀರು ಬಿದ್ದಿದೆ. ಸಾರು ಬಿದ್ದದ್ದಾದರೂ ಪರವಾಗಿಲ್ಲ. ಕಳೆದ ವರ್ಷವೇ ಪಟ್ಟಿ ನೋಡಿದ ಕೂಡಲೇ ಗೊತ್ತಾಗಿತ್ತು. ಮೂವತ್ತೇಳು ಆ ಬಾಸ್ಕಿನವನದು, ಅರುವತ್ತಮೂರು ನಿನ್ನದು. ಗಟ್ಟಿಯಾಗಿ ಓದಿದಾಗ ಅಮ್ಮ ಒಲೆಯ ಬಳಿಯಿಂದಲೇ, ತಿತ್ತಾಕ್ ಎಂದರೆ ನಮ್ಮ ಶೀನನ ತೆತ್ತಿಯಲ್ಲವಾ ಎಂದರು. ನೀನು ಯುದ್ಧದಿಂದ ಬದುಕಿ ಬಂದಾಗ ಇದನ್ನು ಎತ್ತಲು ಮನಸ್ಸಾಗಲಿಲ್ಲ. ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೇಷ್ಟ್ರು ಆ ಪಟ್ಟಿಯನ್ನು ಬಿಡಲಿಲ್ಲ. ಇದನ್ನೇ ಬರೆ ಎಂದರು. ಬರೆದೆ. ಒಳ್ಳೆಯ ಅಂಕ ಬಂದಿದೆ. ಪ್ರತಿ ಇಟ್ಟಿದ್ದೇನೆ.'

ಪ್ರಬಂಧ ತೆರೆದೆ. ತಲೆಬರಹ: 'ಅರಿಯದ ಭಾಷೆಯಲ್ಲಿ ಪದ ಕಟ್ಟುವ ಬಗೆ: ಒಬ್ಬ ತುಳುವನ ಅರುವತ್ತಮೂರು ಮಾದರಿಗಳು.' ಬಾಲ ಕಟ್ಟಿದರೂ, ತಲೆಕೆಳಗು ಮಾಡಿದರೂ ಒಂದು ಪದವೂ ತುಳುವಿನ ಬೇಲಿ ದಾಟಿಲ್ಲವಂತೆ. ಇದನ್ನು ನಲವತ್ತು ಪುಟಗಳಲ್ಲಿ ತೋರಿಸಿದ್ದಾನೆ. ಕೊನೆಯ ಪುಟದಲ್ಲಿ ನನ್ನ ಪರಿಚಯ: 'ಮಾಹಿತಿದಾರ: ಗಂಡಸು. ಆರನೇ ತರಗತಿ. ಅಡುಗೆಯವನು. ಬಾಸ್ಕ್ ಭಾಷಾಜ್ಞಾನ: ಇಲ್ಲ.'

ಮೇಸ್ತ್ರಿ ಎಂದಾದರೂ ಹಾಕಬಹುದಿತ್ತು!

ಪತ್ರದ ಕೆಳಗೆ ಇನ್ನೂ ಎರಡು ಸಾಲಿತ್ತು: 'ನಿಜವಾದ ಪದಗಳಿಗೆ ವಂದನೆ, ಅವು ಸದ್ಯಕ್ಕೆ ಬೇಡ. ಮೇಷ್ಟ್ರು ಮುಂದಿನ ಲೇಖನಕ್ಕೆ ಕೇಳುತ್ತಿದ್ದಾರೆ, ಬಿಡುವಾದಾಗ ಇನ್ನೊಂದು ಐವತ್ತು ಸುಳ್ಳು ಪದ ಕಳುಹಿಸು.'

ಇದಕ್ಕಿಂತ ಸುಲಭದ ಪ್ರಾಯಶ್ಚಿತ್ತ ಯಾರಿಗೆ ಸಿಗುತ್ತದೆ? ಹಾಳೆ, ಪೆನ್ಸಿಲು ಹಿಡಿದು ಕುಳಿತೆ. ಹಮೀದಾಕ ಉಗ್ರಾಣಕ್ಕೆ ಬಂದರು.

"ಎಂತ ಶೀನಣ್ಣ, ಪೆನ್ಸಿಲ್ ಕಚ್ಚುದು?"

"ಸುಳ್ಳು ಬರೆಯಲು ಕೂತದ್ದು ಹಮೀದಾಕ. ತಮ್ಮ ಕೇಳಿದ್ದಾನೆ."

"ಎಷ್ಟಾಯ್ತು?"

"ನಾಲ್ಕು."

"ಓದಿ ನೋಡುವಾ."

"ನಕ್ಷತ್ರಕ್ಕೆ ಇಸಾರ್. ಕಲ್ಲಿಗೆ ಅರ್ರಿ. ಮೀನಿಗೆ ಅರ್ರಾಯಿನ್. ಮೊಟ್ಟೆಗೆ ಅರ್ರೌಟ್ಸ."

"ಪಸಂದಾಗಿದೆಯಲ್ಲ! ಇನ್ನೆಂತ ಸಂಕಟ?"

ಸಂಕಟ ಏನೆಂದರೆ, ನಾಲ್ಕೂ ನಿಜವಾದ ಬಾಸ್ಕ್ ಪದಗಳು. ಇನಾಕಿ ವಾರವಿಡೀ ಕಲಿಸಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಎಷ್ಟು ಕೆದಕಿದರೂ ಮೇಲೆ ಬರುವುದು ಅದೇ. ಬದುಕಿನಲ್ಲಿ ಒಂದು ಸಲ ತಮ್ಮನಿಗೆ ಪ್ರಯೋಜನಕ್ಕೆ ಬಂದದ್ದು ನನ್ನ ಅಜ್ಞಾನ. ಅದನ್ನೂ ಕಳೆದುಕೊಂಡು ಕುಳಿತಿದ್ದೇನೆ!